ಮಾಲ್ ಬಾಗಿಲಲ್ಲಿ ಅಮ್ಮನ ಚಪ್ಪಲಿ

ಹೋದ ಭಾನುವಾರ ಸಂಜೆ ನಮ್ಮಮ್ಮ ಮಾಲ್ ಬಾಗಿಲಲ್ಲಿ ಚಪ್ಪಲಿ ಬಿಟ್ಟಳು.

ಕಿತ್ತುಹೋಯಿತು ಅಂತ ಬಿಟ್ಟದ್ದಲ್ಲ. ಗಾಜಿನ ಬಾಗಿಲಿನ ಪಕ್ಕ, ಗೋಡೆಗೆ ತಾಗಿಸಿ, ಯಾರೂ ತುಳಿಯದ ಹಾಗೆ ಜೋಡಿಸಿ ಬಿಟ್ಟಳು. ಆಮೇಲೆ ತಲೆ ಮೇಲೆ ಸೆರಗು ಎಳೆದುಕೊಂಡು, ಮೆಟಲ್ ಡಿಟೆಕ್ಟರಿನ ಚೌಕಟ್ಟಿನ ಮುಂದೆ ಬಗ್ಗಿ, ಅದರ ಕೆಳಪಟ್ಟಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಒಳಗೆ ಕಾಲಿಟ್ಟ ತಕ್ಷಣ ಅದು ಟುಂಯ್ ಅಂದಿತು. ಅಮ್ಮನಿಗೆ ಸಮಾಧಾನವಾಯಿತು. ಗಂಟೆ ಹೊಡೆಯಿತಲ್ಲ!

ನಗು ಬಂತೇ? ನಗಿ, ಪರವಾಗಿಲ್ಲ. ನಮ್ಮ ಹಿಂದೆ ಒದ್ದೆ ಛತ್ರಿ ಹಿಡಿದು ನಿಂತಿದ್ದ ಇಡೀ ಸಾಲೇ ನಕ್ಕಿತು. 'ಏನ್ ಗುರು ಇದು, ಶೋ ಶುರುವಾಗೋಗುತ್ತೆ' ಅಂತ ಒಬ್ಬ ಗೊಣಗಿದ. 'ಸುಮ್ನಿರೋ ಮಗಾ, ಅಜ್ಜಿ ಅವ್ರು' ಅಂತ ಇನ್ನೊಬ್ಬ ಅವನ ಬಾಯಿ ಮುಚ್ಚಿಸಿದ.

ಹೆಂಗಸರ ತಪಾಸಣೆಗೆ ನಿಂತಿದ್ದ ಸೆಕ್ಯುರಿಟಿಯವಳು ಪಾಪ ಒಳ್ಳೆಯ ಮಾತಲ್ಲೇ ಹೇಳಿದಳು. 'ಆಂಟಿ, ಚಪ್ಪಲಿ ಅಲ್ಲಿ ಬಿಡಂಗಿಲ್ಲ. ಕ್ಲೀನಿಂಗ್‌ನವ್ರು ಎತ್ತಾಕ್ಬಿಡ್ತಾರೆ. ಹಾಕ್ಕೊಂಡೇ ಬನ್ನಿ, ಏನಾಗಲ್ಲ.'

'ಒಳಗೆ ಚಪ್ಪಲಿ ಹಾಕ್ಕೊಂಡು ಬರಾದಾ? ನಿಮ್ಮವ್ವ ನಿನಗೆ ಏನೂ ಹೇಳಿಕೊಟ್ಟಿಲ್ಲೇನು?' ಅಂತ ಅಮ್ಮ ಅವಳನ್ನೇ ಗದರಿಸಿದಳು.

ನಾನು ಓಡಿಹೋಗಿ ಚಪ್ಪಲಿ ಎತ್ತಿಕೊಂಡು ನನ್ನ ಬ್ಯಾಗಿಗೆ ತುರುಕಿದೆ. ಬ್ಯಾಗು ಸ್ಕ್ಯಾನರ್ ಬೆಲ್ಟಿನ ಮೇಲೆ ಹೋಯಿತು. ಪರದೆ ನೋಡುತ್ತಿದ್ದವನು ಹುಬ್ಬು ಗಂಟಿಕ್ಕಿ, 'ಏನ್ ಮೇಡಂ ಇದು, ಬ್ಯಾಗಲ್ಲಿ?' ಅಂದ.

'ನಮ್ಮಮ್ಮನ ಚಪ್ಪಲಿ.'

ಅವನು ನನ್ನ ಮುಖ ನೋಡಿದ. ಬ್ಯಾಗನ್ನು ನನ್ನ ಕಡೆ ತಳ್ಳಿದ.

ಈ ಅಂಕಣ ಓದುತ್ತಾ ಬಂದವರಿಗೆ ನಾನು ಎಂಥವಳು ಅಂತ ಚೆನ್ನಾಗಿ ಗೊತ್ತು. ಬೈಯುವುದು ನನ್ನ ಕಸುಬು. ರಸ್ತೆ ಗುಂಡಿಯನ್ನು ಬೈದಿದ್ದೇನೆ, ಫುಟ್‌ಪಾತ್ ಮೇಲೆ ಬರುವ ಬೈಕುಗಳನ್ನು ಬೈದಿದ್ದೇನೆ, ಮದುವೆ ಮನೆಯಲ್ಲಿ ತಲೆ ಮೇಲೆ ಹಾರುವ ಡ್ರೋನನ್ನೂ ಬಿಟ್ಟಿಲ್ಲ. (ನಿಮ್ಮ ನಾಲಿಗೆಗೆ ವಾರದ ರಜೆ ಇಲ್ಲವೇ ಅಂತ ಓದುಗರೊಬ್ಬರು ಬರೆದಿದ್ದರು. ಅವರನ್ನೂ ಬೈದೆ.) ಆ ಸಂಜೆ ಮಾತ್ರ ನಾನು ಯಾರನ್ನೂ ಬೈಯಲಿಲ್ಲ. ನಕ್ಕವರನ್ನೂ ಬೈಯಲಿಲ್ಲ. ಯಾಕೆಂದರೆ ಅಮ್ಮನ ಕಾಲಿಂದ ಚಪ್ಪಲಿ ಕಳಚಿತ್ತು, ಅವಳು ತಾನಾಗಿಯೇ ಕಳಚಿದ್ದಳು. ಅದೊಂದಕ್ಕಾಗಿ ನಾನು ವಾರವಿಡೀ ಮಳೆಯಲ್ಲಿ ಊರು ತುಂಬ ಪರದಾಡಿದ್ದೆ.

ಚಪ್ಪಲಿ ಬಿಡುವುದೇನು ಅಷ್ಟು ದೊಡ್ಡ ವಿಷಯವೇ? ಹೇಳುತ್ತೇನೆ, ಕೇಳಿ.

ಅಮ್ಮ ದಾವಣಗೆರೆಯವಳು. ಅಪ್ಪ ತೀರಿಕೊಂಡ ಮೇಲೆ ವಿಜಯನಗರದಲ್ಲಿ ನಮ್ಮ ಜೊತೆ ಇದ್ದಾಳೆ. ಈಗೀಗ ಮರೆವಿನ ಕಾಯಿಲೆ. ಬೆಳಗ್ಗೆ ನೋಡಿದರೆ ನೀವು ನಂಬುವುದಿಲ್ಲ. ಕೊತ್ತಂಬರಿ ಸೊಪ್ಪು ಸೋಸುತ್ತಾಳೆ, ಪೇಪರಿನ ದಪ್ಪಕ್ಷರ ಓದುತ್ತಾಳೆ, ನನ್ನ ಸಾರಿಗೆ ಹುಳಿ ಜಾಸ್ತಿ ಅಂತ ಮುಖ ಕಿವುಚುತ್ತಾಳೆ. ಹೊತ್ತು ಇಳಿಯುತ್ತಾ ಬಂದಂತೆ ಏನೋ ಆಗುತ್ತದೆ. ಕಿಟಕಿಯ ಬೆಳಕು ಮಂಕಾದರೆ ಸಾಕು, ಎದ್ದು ನಿಲ್ಲುತ್ತಾಳೆ.

'ಶೈಲಾ, ಹೊತ್ತಾತು. ಹೋಗಾಣ ನಡಿ.'

'ಎಲ್ಲಿಗಮ್ಮಾ?'

'ಎಲ್ಲಿಗೆ ಅಂದ್ರೆ? ಮನಿಗೆ.'

ಮೊದಮೊದಲು ನಾನು ವಾದ ಮಾಡಿದೆ. ಇದೇ ಮನೆ ಅಮ್ಮಾ, ನೋಡು ನಿನ್ನ ಮಂಚ, ನೋಡು ನಿನ್ನ ಸೀರೆ ಅಂತ ಕೋಣೆ ಕೋಣೆ ತೋರಿಸಿದೆ. ಅವಳು ನೋಡಿ, 'ಚೆಂದ ಐತಿ. ಈಗ ಹೋಗಾಣ' ಅನ್ನುತ್ತಿದ್ದಳು. ದಾವಣಗೆರೆಯ ನೆನಪಿರಬೇಕು ಅಂದುಕೊಂಡು ಒಮ್ಮೆ ಅಲ್ಲಿಗೂ ಕರೆದುಕೊಂಡು ಹೋದೆವು. ನಾವು ಬಹಳ ವರ್ಷ ಬಾಡಿಗೆಗೆ ಇದ್ದ ಮನೆ. ಈಗ ಇರುವವರು ಒಳ್ಳೆಯ ಜನ, ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟರು. ಅಮ್ಮ ಕಾಫಿ ಕುಡಿದಳು, ಅಡುಗೆಮನೆ ನೋಡಿದಳು, ಹಿತ್ತಿಲು ನೋಡಿದಳು. ಸಂಜೆಯಾಗುತ್ತಿದ್ದ ಹಾಗೆ ನನ್ನ ಕಿವಿಯಲ್ಲಿ, 'ಮಂದಿ ಮನ್ಯಾಗೆ ಎಷ್ಟೊತ್ತು ಕೂರಾದು? ಮನಿಗೆ ಹೋಗಾಣ' ಅಂದಳು. ಹಾಗಾದರೆ ಅವಳ ಮನೆ ಯಾವುದು? ನನಗೆ ಇವತ್ತಿಗೂ ಗೊತ್ತಿಲ್ಲ.

ಡಾಕ್ಟರು ಕೊನೆಗೆ ಒಂದು ಉಪಾಯ ಹೇಳಿದರು. 'ವಾದ ಮಾಡ್ಬೇಡಿ ಮೇಡಂ. ಹೂಂ ಅನ್ನಿ. ಹೊರಗೆ ಕರ್ಕೊಂಡು ಹೋಗಿ, ಒಂದು ಸುತ್ತು ಹಾಕಿಸಿ, ಮನೆಗೆ ವಾಪಸ್ ಕರ್ಕೊಂಡು ಬನ್ನಿ. ಅಷ್ಟೇ.'

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಆದರೆ ಅದು ನಾಟಿತು ನೋಡಿ! ದಿನಾ ಸಂಜೆ ನಾವಿಬ್ಬರೂ ಮನೆಗೆ ಹೊರಡುವುದು ಶುರುವಾಯಿತು. ಅಮ್ಮ ತನ್ನ ಕಂದು ಬಣ್ಣದ ಬೆಲ್ಟ್ ಚಪ್ಪಲಿ ಹಾಕಿಕೊಳ್ಳುತ್ತಾಳೆ. ಕೈಯಲ್ಲೊಂದು ಬಟ್ಟೆಯ ಚೀಲ, ಅದರಲ್ಲಿ ಒಂದು ಸೀರೆ, ಬಾಚಣಿಗೆ, ವಿಭೂತಿ ಗಟ್ಟಿ. ನೀರಿನ ಟ್ಯಾಂಕಿನ ಪಕ್ಕದ ರಸ್ತೆಯಲ್ಲಿ ಹೋಗಿ, ಪಾರ್ಕು ಸುತ್ತಿ, ಕಲ್ಲುಬೆಂಚಿನ ಹೆಂಗಸರ ಹತ್ತಿರ ಎರಡು ಮಾತಾಡಿ, ಬೇರೆ ರಸ್ತೆಯಲ್ಲಿ ವಾಪಸ್ಸು. (ಹೋದ ರಸ್ತೆಯಲ್ಲೇ ಬರುವಂತಿಲ್ಲ. ಅದು ಅವಳಿಗೆ ಗೊತ್ತಾಗಿಬಿಡುತ್ತದೆ.) ನಮ್ಮ ಗೇಟಿನ ಮುಂದೆ ನಿಂತು ನಾನು, 'ಅಮ್ಮಾ, ಮನೆ ಬಂತು' ಅನ್ನುತ್ತೇನೆ. ಅವಳು ಗೇಟು ನೋಡುತ್ತಾಳೆ, ಕನಕಾಂಬರದ ಕುಂಡ ನೋಡುತ್ತಾಳೆ. 'ಅಬ್ಬಾ, ಬಂತಲ್ಲಪ್ಪಾ' ಅನ್ನುತ್ತಾಳೆ. ಚಪ್ಪಲಿ ಬಿಡುತ್ತಾಳೆ.

ಆಮೇಲೆ ಎಲ್ಲವೂ ಸರಾಗ. ನಲ್ಲಿಯಲ್ಲಿ ಕಾಲು ತೊಳೆಯುತ್ತಾಳೆ, ವಿಭೂತಿ ಹಚ್ಚಿಕೊಂಡು ಲಿಂಗಪೂಜೆಗೆ ಕೂರುತ್ತಾಳೆ, ರೊಟ್ಟಿ ತಿನ್ನುತ್ತಾಳೆ, ಮಾತ್ರೆ ನುಂಗುತ್ತಾಳೆ, ಮಲಗುತ್ತಾಳೆ.

ಚಪ್ಪಲಿಯ ವಿಷಯದಲ್ಲಿ ಅಮ್ಮ ಯಾವತ್ತೂ ಕಟ್ಟುನಿಟ್ಟು. ದಾವಣಗೆರೆಯಲ್ಲಿ ಅಪ್ಪನ ಮೇಲಧಿಕಾರಿ ಒಮ್ಮೆ ಬೂಟು ಹಾಕಿಕೊಂಡೇ ಹೊಸ್ತಿಲು ದಾಟಿದ್ದಕ್ಕೆ, 'ಸಾಹೇಬ್ರ, ಬೂಟು ಹೊರಗೆ' ಅಂದವಳು. ಯಾರಾದರೂ ಬಾಗಿಲಲ್ಲೇ ನಿಂತು, 'ಇಲ್ರಿ, ಬಿಟ್ರೆ ಮತ್ತೆ ಹಾಕ್ಕೋಬೇಕು, ನಿಂತೇ ಹೋಗ್ತೀವಿ' ಅಂದರೆ ಅವಳಿಗೆ ಎಲ್ಲಿಲ್ಲದ ಸಿಟ್ಟು. 'ಚಪ್ಪಲಿ ಬಿಡದೇ ಹೋದೋರು ನಮ್ಮನಿಗೆ ಬಂದಂಗಲ್ಲ' ಅಂತ ಎಳೆದುಕೊಂಡು ಬಂದು ಕೂರಿಸುತ್ತಿದ್ದಳು. ಇನ್ನು ಕಾಲಲ್ಲಿ ಚಪ್ಪಲಿ ಇಟ್ಟುಕೊಂಡು ಅನ್ನ ಮುಟ್ಟುವುದಂತೂ ಕನಸಿನ ಮಾತು. ಎಲ್ಲ ಮರೆತರೂ ಇದೊಂದನ್ನು ಅವಳು ಮರೆತಿಲ್ಲ. ಚಪ್ಪಲಿ ಕಾಲಲ್ಲಿದ್ದರೆ ಪೂಜೆ ಇಲ್ಲ. ಪೂಜೆ ಇಲ್ಲದೆ ಊಟ ಇಲ್ಲ. ಊಟ ಇಲ್ಲದೆ ಮಾತ್ರೆ ಕೊಡುವಂತಿಲ್ಲ.

ಇಂಥದ್ದರಲ್ಲಿ ಮಳೆ ಹಿಡಿಯಿತು.

ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಂತೆ. (ಕುಸಿಯುವುದು ಅಲ್ಲೆಲ್ಲೋ, ನೆನೆಯುವವರು ನಾವು.) ಧೋ ಅಂತ ಸುರಿದು ನಿಂತುಹೋಗುವ ಮಳೆಯಾದರೆ ಹೇಗೋ ಕಾಯಬಹುದು. ಇದು ಜಿಟಿಜಿಟಿ, ಬೆಳಗ್ಗೆ ಎದ್ದರೂ ಅದೇ, ಸಂಜೆಗೂ ಅದೇ. ಪಾರ್ಕಿನ ಗೇಟಿಗೆ ಬೀಗ. ಪಾರ್ಕಿನ ದಾರಿಯಲ್ಲಿ ಮೊಣಕಾಲು ಮಟ್ಟದ ನೀರು, ನೀರಿನೊಳಗೆ ಕಾಣದ ಗುಂಡಿ. ಅಮ್ಮ ಚಪ್ಪಲಿ ಹಾಕಿಕೊಂಡು, ಚೀಲ ಹಿಡಿದುಕೊಂಡು, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಳು.

'ಮಳೆ ಅಮ್ಮಾ, ಇವತ್ತು ಇಲ್ಲೇ ಇರೋಣ.'

'ಮಳಿ ಅಂತ ಯಾರಾದ್ರೂ ಮನಿಗೆ ಹೋಗಾದು ಬಿಡ್ತಾರೇನು?'

ನಾನು ಎದ್ದು ಬಾಗಿಲಿಗೆ ಚಿಲಕ ಹಾಕಿದೆ.

ಮೊದಲ ಸಂಜೆ ಅವಳು ಊಟ ಮಾಡಲಿಲ್ಲ. ಮರುದಿನವೂ ಮಾಡಲಿಲ್ಲ. ಹಗಲು ಎರಡು ತುತ್ತು ತಿಂದದ್ದರಲ್ಲೇ ಇದ್ದಳು. ಮೂರನೆಯ ಸಂಜೆ ನನಗೆ ತಡೆಯಲಾಗಲಿಲ್ಲ. ನೆಲದ ಮೇಲೆ ಕೂತು, ಬಾಯಲ್ಲಿ ಏನೇನೋ ಮಾತಾಡಿಸುತ್ತಾ, ಕೈಯಲ್ಲಿ ಮೆಲ್ಲಗೆ ಚಪ್ಪಲಿಯ ಬೆಲ್ಟ್ ಬಿಚ್ಚಿದೆ. ಅವಳು ಸರಕ್ಕನೆ ಕಾಲು ಎಳೆದುಕೊಂಡಳು. ಎರಡೂ ಕೈಯಿಂದ ಚಪ್ಪಲಿ ಗಟ್ಟಿಯಾಗಿ ಹಿಡಿದುಕೊಂಡು ಅಳುವುದಕ್ಕೆ ಶುರು ಮಾಡಿದಳು.

'ಇದನ್ನೂ ಕಸ್ಕೊಂಡ್ರೆ ನಾನು ಹೆಂಗೆ ಹೋಗ್ಲವ್ವಾ?'

ನಮ್ಮಮ್ಮ ನನಗೆ ಹೀಗೆ ಅಂದಳು. ನಾನು ಅವಳ ಚಪ್ಪಲಿ ಕದಿಯುವವಳು. ನಾನು ಎದ್ದುಹೋಗಿ ಬಚ್ಚಲುಮನೆಯ ನಲ್ಲಿ ಜೋರಾಗಿ ಬಿಟ್ಟು ಅತ್ತೆ. ಅಳು ಸಾಕಾದ ಮೇಲೆ ಮಳೆಯನ್ನು ಬೈದೆ.

ಅವತ್ತು ನಿರ್ಧಾರ ಮಾಡಿದೆ. ಪಾರ್ಕ್ ಇಲ್ಲದಿದ್ದರೆ ಬೇಡ. ಇಷ್ಟು ದೊಡ್ಡ ಬೆಂಗಳೂರು. ತಲೆ ಮೇಲೆ ಸೂರಿರುವ, ಕಾಲಡಿ ನೀರಿಲ್ಲದ, ವಯಸ್ಸಾದ ಹೆಂಗಸೊಬ್ಬಳು ಒಂದು ಸುತ್ತು ನಡೆದು ಬರುವಂಥ ಜಾಗ ಒಂದಾದರೂ ಸಿಗುವುದಿಲ್ಲವೇ?

ಮಗಳು ನಿಧಿ ಕಾಲೇಜಿನವಳು, ಮೊಬೈಲಲ್ಲಿ ಹುಡುಕಿ ಕೊಟ್ಟಳು. ಮಳೆಗಾಲದಲ್ಲಿ ಬೆಂಗಳೂರಿನ ಒಳಾಂಗಣ ಆಕರ್ಷಣೆಗಳು! ಏನಿಲ್ಲ ಅನ್ನುತ್ತೀರಿ? ಬೌಲಿಂಗ್ ಇದೆ, ನೆಗೆದು ಕುಣಿಯುವ ಟ್ರ್ಯಾಂಪೊಲಿನ್ ಇದೆ. ಮಣ್ಣಿನ ಮಡಕೆ ಮಾಡಿಸುವ ಕೆಫೆ ಇದೆ, ಬೆಕ್ಕುಗಳ ಜೊತೆ ಕೂತು ಕಾಫಿ ಕುಡಿಯುವ ಜಾಗ ಇದೆ. ಹಿಮ ಬೀಳಿಸುವ ಹಾಲ್ ಕೂಡ ಇದೆಯಂತೆ. (ಹೊರಗೆ ಮಳೆಯಲ್ಲಿ ನಡುಗಿದ್ದು ಸಾಲದು, ಟಿಕೆಟ್ ತೆಗೆದುಕೊಂಡು ಒಳಗೆ ಹೋಗಿ ನಡುಗಬೇಕು.)

'ಎಸ್ಕೇಪ್ ರೂಮ್ ಅಂತ ಇದೆ ಅಮ್ಮ. ಒಳಗೆ ಹಾಕಿ ಬೀಗ ಹಾಕ್ತಾರೆ. ಹೊರಗೆ ಬರೋ ದಾರಿ ನಾವೇ ಹುಡುಕ್ಬೇಕು. ಸಖತ್ ಕ್ರೇಜ್ ಈಗ.'

ನಾನು ಬಾಗಿಲ ಕಡೆ ನೋಡಿದೆ. ಅಮ್ಮ ಕುರ್ಚಿಯಿಂದ ಎದ್ದು ಚಿಲಕ ಎಳೆಯುತ್ತಿದ್ದಳು. ನಿಧಿಯೂ ನೋಡಿದಳು. ಮೊಬೈಲ್ ಮಡಿಲಿಗೆ ಹಾಕಿಕೊಂಡು, 'ಸಾರಿ ಅಮ್ಮ' ಅಂದಳು. ಅವಳದೇನು ತಪ್ಪು?

'ಮನೇಲೇ ಸುತ್ತು ಹೊಡೆಸು ಕಣೇ' ಅಂದರು ನಮ್ಮ ಯಜಮಾನರು. ಹಾಲಿನಿಂದ ಅಡುಗೆಮನೆ, ಅಡುಗೆಮನೆಯಿಂದ ರೂಮು, ರೂಮಿನಿಂದ ಹಾಲು. ಎರಡನೆಯ ಸುತ್ತಿಗೇ ಅಮ್ಮ ನಿಂತಳು. 'ನಾನೇನು ಗಾಣದೆತ್ತಾ?' ಅಂದಳು.

ಕೆಳಗೆ ಪಾರ್ಕಿಂಗ್ ಜಾಗವಿದೆ, ಸೂರೂ ಇದೆ. ಕಾರುಗಳ ನಡುವೆ ಮನುಷ್ಯರು ನುಸುಳುವಷ್ಟು ಸಂದಿ ಇಲ್ಲ. ಕಾರಲ್ಲೇ ಸುತ್ತಿಸಿಕೊಂಡು ಬರೋಣ ಅಂತ ಹೊರಟರೆ ಮಾಗಡಿ ರಸ್ತೆಯಲ್ಲಿ ಎಲ್ಲರೂ ಅದೇ ಯೋಚನೆ ಮಾಡಿದ ಹಾಗಿತ್ತು. ನಿಂತ ಕಡೆಯೇ ನಿಂತೆವು. 'ಇಳೀರಿ, ನಡ್ಕೊಂಡೇ ಹೋಗಾಣ' ಅಂತ ಅಮ್ಮ ಬಾಗಿಲು ತೆಗೆದೇಬಿಟ್ಟಳು. ಪಕ್ಕದಲ್ಲೇ ಒಂದು ಬಸ್ಸು. ತೋಳು ಹಿಡಿದು ಒಳಗೆ ಎಳೆದುಕೊಂಡೆ.

ದೇವಸ್ಥಾನ? ಪ್ರದಕ್ಷಿಣೆಯ ಕಲ್ಲೆಲ್ಲ ಒದ್ದೆ, ಕಾಲು ಜಾರಿದರೆ ಸೊಂಟ ಮುರಿದು ಆಸ್ಪತ್ರೆಯೇ ಗತಿ. ಸಮುದಾಯ ಭವನಕ್ಕೆ ಬೀಗ. ಬೀಗದ ಕೈ ಯಾರ ಹತ್ತಿರ ಇದೆ ಅಂತ ಅಕ್ಕಪಕ್ಕದವರಿಗೂ ಗೊತ್ತಿಲ್ಲ. ಕಲ್ಯಾಣ ಮಂಟಪದಲ್ಲಿ ಎಷ್ಟು ದೊಡ್ಡ ಹಾಲ್ ಇರುತ್ತದೆ! ಆದರೆ ಒಳಗೆ ಹೋಗಲು ಯಾರದಾದರೂ ಮದುವೆ ಆಗಬೇಕು. ಲೈಬ್ರರಿ ಇದೆ ಅಂದರು, ಹೋದೆ. ಎರಡು ಬೆಂಚು, ಪೇಪರ್ ಹಿಡಿದ ನಾಲ್ಕು ಜನ, ಸೋರುವ ಮೂಲೆಗೊಂದು ಬಕೆಟ್ಟು.

ನನಗೆ ಆಗ ಹೊಳೆಯಿತು. ಮೊದಲು ಮಳೆ ಬಂದರೆ ಯಾರದೋ ಮನೆಯ ಜಗಲಿ ಹತ್ತಿ ನಿಲ್ಲುತ್ತಿದ್ದೆವು, ಯಾರೂ ಏನೂ ಕೇಳುತ್ತಿರಲಿಲ್ಲ. 'ಒಳಗ್ ಬನ್ನಿ, ಇರಚಲು ಹೊಡಿಯುತ್ತೆ' ಅನ್ನುತ್ತಿದ್ದರು. ಈಗ ಜಗಲಿಗೆ ಗ್ರಿಲ್ಲು, ಗ್ರಿಲ್ಲಿಗೆ ಬೀಗ, ಬೀಗದ ಮೇಲೊಂದು ಕ್ಯಾಮೆರಾ. ಈ ಊರಲ್ಲಿ ಸೂರಿಗೇನೂ ಬರವಿಲ್ಲ. ಶ್ರೀಗಂಧದ ಕಾವಲಿನಿಂದ ನಂದಿನಿ ಲೇಔಟ್‌ವರೆಗೂ ಸೂರಿಗೆ ಸೂರು ತಾಗಿಕೊಂಡಿದೆ. ಆದರೆ ಏನನ್ನೂ ಕೊಳ್ಳದೆ ಸುಮ್ಮನೆ ನಿಲ್ಲುವವರಿಗೆ ಅಂತ ಒಂದು ಸೂರಿಲ್ಲ. ಈ ಊರನ್ನು ಕಟ್ಟುವಾಗ ಯಾರಿಗೂ ಅಮ್ಮ ಇರಲಿಲ್ಲವೇ? ಯಾರ ಅಮ್ಮನಿಗೂ ವಯಸ್ಸಾಗುವುದಿಲ್ಲವೇ?

(ನೋಡಿ, ಮತ್ತೆ ಬೈಯುತ್ತಿದ್ದೇನೆ. ಬೈಯುತ್ತಿದ್ದರೆ ಸ್ವಲ್ಪ ಹಗುರಾಗುತ್ತದೆ.)

ಶನಿವಾರ ಮೆಟ್ರೊ ಹೊಳೆಯಿತು. ಅತ್ತಿಗುಪ್ಪೆಯಲ್ಲಿ ಹತ್ತಿ, ಕೆಂಗೇರಿಗೆ ಹೋಗಿ, ವಾಪಸ್ಸು ಬರುವುದು. ಒದ್ದೆಯಾಗುವ ಮಾತೇ ಇಲ್ಲ. ಹತ್ತಿದ ಕೂಡಲೇ ಒಬ್ಬ ಹುಡುಗಿ ಎದ್ದು, 'ಕೂತ್ಕೊಳಿ ಅಜ್ಜಿ' ಅಂತ ಜಾಗ ಕೊಟ್ಟಳು. ಅಮ್ಮ ಚೀಲ ತೊಡೆ ಮೇಲಿಟ್ಟುಕೊಂಡು, ಕಿಟಕಿಯ ಮೇಲೆ ಇಳಿಯುವ ನೀರು ನೋಡುತ್ತಾ ಕೂತಳು. ಮುಖದಲ್ಲಿ ಎಂಥ ನೆಮ್ಮದಿ! ಮನೆಗೆ ಹೋಗುವ ರೈಲಲ್ಲವೇ ಅದು. ಪ್ರತಿ ಸ್ಟೇಷನ್ನಿನಲ್ಲೂ, 'ಹರಿಹರ ದಾಟ್ತೇನು?' ಅಂತ ಪಕ್ಕದವರನ್ನು ಕೇಳಿದಳು. ಕಿವಿಯಲ್ಲಿ ಇಯರ್‌ಫೋನ್ ಇದ್ದ ಹುಡುಗ ಏನೂ ಕೇಳಿಸದೆ ತಲೆಯಾಡಿಸಿದ. ಅಮ್ಮನಿಗೆ ಖುಷಿ.

ಕೆಂಗೇರಿಯಲ್ಲಿ ಇಳಿದು ಎದುರಿನ ರೈಲು ಹತ್ತಿದೆವು. ಅದು ಹೊರಟದ್ದೇ ತಡ, ಅಮ್ಮನ ಮುಖ ಬಿಗಿಯಿತು.

'ಇದು ಬಂದ ದಾರಿ.'

'ಇಲ್ಲಮ್ಮಾ, ಬೇರೆ ದಾರಿ.'

'ಬಂದ ದಾರೀಲೇ ವಾಪಸ್ ಹೋದ್ರೆ ಮನಿ ಹೆಂಗೆ ಬರ್ತೈತಿ ಶೈಲಾ? ನನಗೆ ಮೋಸ ಮಾಡ್ತೀಯಲ್ಲೇ?'

ಸುತ್ತಲಿನವರು ನನ್ನನ್ನು ನೋಡಿದರು. ತಾಯಿಗೆ ಮೋಸ ಮಾಡುವ ಮಗಳು! ನಾನು ಕಂಬ ಹಿಡಿದುಕೊಂಡು ನಿಂತಿದ್ದೆ. ಅವಳು ಹೇಳಿದ್ದು ನಿಜವೇ ಆಗಿತ್ತಲ್ಲ. ತಿಂಗಳುಗಟ್ಟಲೆ ನಾನು ದಿನಾ ಸಂಜೆ ಮಾಡುತ್ತಿದ್ದದ್ದು ಅದನ್ನೇ. ಆ ಸಂಜೆಯೂ ಚಪ್ಪಲಿ ಕಳಚಲಿಲ್ಲ. ಆದರೆ ಒಂದು ಮಾತು ಗಮನಿಸಿ. ಅವಳು ನನ್ನನ್ನು ಶೈಲಾ ಅಂದಿದ್ದಳು. ಅದು ನನಗೆ ಆಮೇಲೆ ನೆನಪಾಯಿತು.

ಹೀಗೆ ಎಲ್ಲ ಕಡೆ ಸೋತ ಮೇಲೆ ಭಾನುವಾರ ನಮ್ಮ ಕಡೆಯ ಆ ಮಾಲಿಗೆ ಹೋದದ್ದು. ಚಪ್ಪಲಿ ಬಿಟ್ಟದ್ದು ಅಲ್ಲಿ. ಹೊಳೆಯುವ ಕಲ್ಲಿನ ನೆಲ, ಕಣ್ಣು ಕೋರೈಸುವ ದೀಪ, ಸಾಲುಗಟ್ಟಿ ಒಳಗೆ ಹೋಗುವ ಜನ, ಬಾಗಿಲಲ್ಲಿ ಗಂಟೆ. ಅವಳು ಅದನ್ನು ಮಠ ಅಂದುಕೊಂಡಳೋ, ದೊಡ್ಡ ದೇವಸ್ಥಾನ ಅಂದುಕೊಂಡಳೋ, ಗೊತ್ತಿಲ್ಲ. ನಾನು ಕೇಳಲಿಲ್ಲ. ಕೇಳಿ ಕೆಡಿಸುವುದು ಯಾಕೆ?

ಅಮ್ಮ ಬರಿಗಾಲಲ್ಲಿ ನಡೆದಳು. ನಡುವೆ ದೊಡ್ಡ ಅಂಗಳ, ಅದರ ಸುತ್ತ ಅಂಗಡಿಗಳು. ಅವಳು ಎಡದಿಂದ ಶುರು ಮಾಡಿ ಪ್ರದಕ್ಷಿಣೆ ಹಾಕಿದಳು. ನಾನು ಹಿಂದೆ, ನನ್ನ ಹಿಂದೆ ಯಜಮಾನರು. ಸೆಂಟಿನ ಅಂಗಡಿ, ಬೂಟಿನ ಅಂಗಡಿ, ಒಳ ಉಡುಪಿನ ಅಂಗಡಿ, ಎಲ್ಲದಕ್ಕೂ ಒಂದೊಂದು ಕೈಮುಗಿತ. ಬಟ್ಟೆ ಅಂಗಡಿಯ ತಲೆಯಿಲ್ಲದ ಬೊಂಬೆಯ ಮುಂದೆ ಮಾತ್ರ ಸ್ವಲ್ಪ ಹೊತ್ತು ನಿಂತು, 'ಪಾಪ, ಯಾರು ಹಿಂಗೆ ಮಾಡಿದ್ರೋ' ಅಂದಳು. ಯಜಮಾನರು ನಕ್ಕರು. ನಾನೂ ನಕ್ಕೆ. ಎಷ್ಟು ದಿನವಾಗಿತ್ತು ನಕ್ಕು!

ಲಿಫ್ಟಿನಲ್ಲಿ ಮೇಲೆ ಹೋದೆವು. ಫುಡ್ ಕೋರ್ಟಿನ ವಾಸನೆ ಬಂದ ಕೂಡಲೇ ಅಮ್ಮ, 'ಪ್ರಸಾದ ಇಲ್ಲೇ ಏನು?' ಅಂದಳು.

'ಹೂಂ ಅಮ್ಮಾ, ಇಲ್ಲೇ.'

'ಪಂಕ್ತಿ ಎಲ್ಲಿ?'

ಕುರ್ಚಿ ತೋರಿಸಿದೆ. ಯಜಮಾನರು ಮೊಸರನ್ನ ತಂದರು. ಅಮ್ಮ ಎದೆಯ ಮೇಲಿನ ಲಿಂಗವನ್ನು ಸೆರಗಿನ ಮೇಲಿಂದಲೇ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಕೈಯಲ್ಲಿ ಕಲಸಿ ಊಟ ಮಾಡಿದಳು. ಒಂದು ಅಗುಳೂ ಬಿಡದಂತೆ ಬಳಿದು ತಿಂದಳು. ಮಾತ್ರೆ ಕೊಟ್ಟೆ, ನುಂಗಿದಳು. ಪಕ್ಕದ ಟೇಬಲ್ಲಿನಲ್ಲಿ ಯಾರದೋ ಹುಟ್ಟುಹಬ್ಬದ ಕೇಕಿನ ಗದ್ದಲ. ಆ ಗದ್ದಲದಲ್ಲಿ ನನ್ನ ಕಣ್ಣಲ್ಲಿ ನೀರು ಬಂದದ್ದು ಯಾರಿಗೂ ಕಾಣಲಿಲ್ಲ. ಸಿಕ್ಕಿತಲ್ಲ ಒಂದು ಜಾಗ! ಇನ್ನು ವಾಯುಭಾರ ಎಷ್ಟು ಬೇಕಾದರೂ ಕುಸಿಯಲಿ, ದಿನಾ ಇಲ್ಲಿಗೇ ಬರುತ್ತೇವೆ ಅಂದುಕೊಂಡೆ. ಈ ವಾರದ ಅಂಕಣದಲ್ಲಿ ಮಾಲುಗಳನ್ನು ಹೊಗಳಿಬಿಡೋಣ ಅಂತ ಮೊದಲ ಸಾಲನ್ನೂ ಮನಸ್ಸಲ್ಲೇ ಬರೆದುಕೊಂಡಿದ್ದೆ.

ಹೊರಡುವಾಗ ಕಾರಿನ ಹತ್ತಿರ ಬ್ಯಾಗಿನಿಂದ ಚಪ್ಪಲಿ ತೆಗೆದು ಅಮ್ಮನಿಗೆ ಹಾಕಿದೆ. ತಕರಾರಿಲ್ಲದೆ ಕಾಲು ಚಾಚಿದಳು. ಬೇರೆ ರಸ್ತೆಯಲ್ಲೇ ವಾಪಸ್ಸು ಬಂದೆವು. ಗೇಟಿನ ಮುಂದೆ ಛತ್ರಿ ಹಿಡಿದು ಎಂದಿನ ದನಿಯಲ್ಲೇ ಹೇಳಿದೆ.

'ಅಮ್ಮಾ, ಮನೆ ಬಂತು.'

ಅಮ್ಮ ಬಾಗಿಲವರೆಗೂ ಬಂದಳು. ಕಾಲೊರಸುವ ಬಟ್ಟೆಯ ಮೇಲೆ ನಿಂತಳು. ಒಳಗೆ ಇಣುಕಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ಮರ್ಯಾದಸ್ಥರ ಮನೆಯ ಬಾಗಿಲಲ್ಲಿ ನಿಂತು ಆಡುವಂಥ ಸಂಕೋಚದ ದನಿಯಲ್ಲಿ ಹೇಳಿದಳು.

'ಬ್ಯಾಡ್ರವ್ವಾ. ಬಿಟ್ರೆ ಮತ್ತೆ ಹಾಕ್ಕೋಬೇಕು. ನಿಂತೇ ಹೋಗ್ತೀನಿ.'

ಈ ಮಾತು ಆಡಿದ ಯಾರನ್ನೂ ಅವಳು ಜೀವಮಾನದಲ್ಲಿ ಬಾಗಿಲಿಂದ ಹಾಗೇ ಕಳಿಸಿದವಳಲ್ಲ. ನಾನೂ ಕೈ ಹಿಡಿದು ಎಳೆದೆ, ಒಳಗೆ ಕೂರಿಸಿದೆ. 'ಬಾಳ ಉಪಕಾರಾತು. ಉಣ್ಣಾಕೂ ಹಾಕ್ಸಿದ್ರಿ' ಅಂದಳು. ಚೀಲ ತೊಡೆ ಮೇಲಿತ್ತು. ಚಪ್ಪಲಿ ಕಾಲಲ್ಲೇ ಇತ್ತು. ಅಂಗಡಿಯ ಬಾಗಿಲಲ್ಲಿ ಬಿಟ್ಟವಳು ಮಗಳ ಮನೆಯ ಬಾಗಿಲಲ್ಲಿ ಬಿಡಲಿಲ್ಲ.

ನಾನು ತಪ್ಪನ್ನೆಲ್ಲ ಮಳೆಯ ಮೇಲೆ ಹಾಕಿದೆ. ಪಾರ್ಕ್ ತಪ್ಪಿದ್ದಕ್ಕೆ ಹೀಗಾಗಿದೆ, ದಾರಿ ತಪ್ಪಿದ್ದಕ್ಕೆ ಹೀಗಾಗಿದೆ, ಮಳೆ ನಿಂತರೆ ಎಲ್ಲ ಸರಿಹೋಗುತ್ತದೆ ಅಂತ ಯಜಮಾನರಿಗೆ ಹೇಳಿದೆ, ನಿಧಿಗೆ ಹೇಳಿದೆ. ಅವರು ಹೂಂ ಅಂದರು. (ಡಾಕ್ಟರು ಹೇಳಿಕೊಟ್ಟಿದ್ದರಲ್ಲ, ವಾದ ಮಾಡಬೇಡಿ, ಹೂಂ ಅನ್ನಿ ಅಂತ. ಈಗ ಅದನ್ನು ನನಗೂ ಮಾಡುತ್ತಿದ್ದಾರೆ.)

ನಿನ್ನೆ ಮಳೆ ನಿಂತಿತು. ಮಧ್ಯಾಹ್ನಕ್ಕೆ ಬಿಸಿಲೂ ಬಂತು. ರಸ್ತೆಯ ನೀರು ಇಳಿಯಿತು. ಸಂಜೆ ಪಾರ್ಕಿನ ಗೇಟು ತೆಗೆದಿತ್ತು. ಅದೇ ಚಪ್ಪಲಿ, ಅದೇ ಚೀಲ, ಅದೇ ನೀರಿನ ಟ್ಯಾಂಕಿನ ರಸ್ತೆ. ಕಲ್ಲುಬೆಂಚಿನ ಹೆಂಗಸರು ಪೇಪರ್ ಹಾಸಿಕೊಂಡು ಕೂತಿದ್ದರು. 'ಏನಮ್ಮಾ, ಮಳೇಲಿ ಕಾಣ್ಲೇ ಇಲ್ಲ' ಅಂದರು. ಅಮ್ಮ ನಕ್ಕಳು. ನನಗೆ ಧೈರ್ಯ ಬಂತು. ಬೇರೆ ರಸ್ತೆಯಲ್ಲಿ ವಾಪಸ್ಸು ಬಂದೆವು. ಮಳೆಗೆ ಕನಕಾಂಬರ ಚೆನ್ನಾಗಿ ಹೂ ಬಿಟ್ಟಿತ್ತು.

'ಅಮ್ಮಾ, ಮನೆ ಬಂತು.'

ಅಮ್ಮ ಗೇಟು ನೋಡಿದಳು. ಹೂವಿನ ಕುಂಡ ನೋಡಿದಳು. ನನ್ನನ್ನು ನೋಡಿದಳು.

'ಚೆಂದ ಐತ್ರಿ ನಿಮ್ಮನಿ. ನೀವು ಒಳಗೆ ಹೋಗ್ರಿ, ನಾನು ಬರ್ತೀನಿ' ಅಂತ ನನ್ನ ಕೈಯಿಂದ ಕೈ ಬಿಡಿಸಿಕೊಂಡು, ಮುಂದೆ ನಡೆದಳು.

ಓಡಿಹೋಗಿ ಹಿಡಿದುಕೊಂಡೆ, ಬಿಡಿ. ಈಗ ಇದನ್ನು ಬರೆಯುವಾಗಲೂ ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂತಿದ್ದಾಳೆ, ಚಪ್ಪಲಿ ಹಾಕಿಕೊಂಡೇ. ಕಿಟಕಿಯಾಚೆ ಆಕಾಶ ಶುಭ್ರವಾಗಿದೆ, ಒಂದು ಮೋಡವೂ ಇಲ್ಲ.

ಮಳೆಯಂತೂ ನಿಂತಿತು. ಇನ್ನು ನಾನು ಯಾರನ್ನು ಬೈಯಲಿ?